ಸ್ಟಾರ್ಟ್ ಆಗಬಾರದ ಕಾರು

ಮದುವೆಯಾದ ಇಷ್ಟು ವರ್ಷಗಳಲ್ಲಿ ಸೋಮಸಿರಿ ಹೆಂಡತಿಯ ಕಣ್ಣು ತಪ್ಪಿಸಿ ಮಾಡಿದ ಕೆಲಸ ಒಂದೇ. ಆ ಬೆಳಿಗ್ಗೆ ತನ್ನ ಅಪ್ಪನ ಕಾಲದ ಮಾರಿಸ್ ಮೈನರ್ ಕಾರಿನ ಬಾನೆಟ್ ಎತ್ತಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಅದನ್ನು ಒಂದಿಷ್ಟು ತಿರುಗಿಸಿಟ್ಟ. ಇನ್ನು ಕಿಡಿ ಹಾರಬೇಕಾದ ಹೊತ್ತಿಗೆ ಹಾರುವುದಿಲ್ಲ, ಎಷ್ಟು ಗೋಗರೆದರೂ ಇಂಜಿನ್ ಏಳುವುದಿಲ್ಲ. ಮಧ್ಯಾಹ್ನ ಗಾಲೆ ಪಟ್ಟಣದ ಹೋಟೆಲ್ ಮಾಲೀಕನೊಬ್ಬ ಕಾರು ಕೊಳ್ಳಲು ಇವರ ಊರು ಪಾಣದುರೆಗೆ ಬರುವವನಿದ್ದ. ಕಾರು ನಿಂತ ಜಾಗದಲ್ಲಿ ಹೊಲಿಗೆ ತರಗತಿ ನಡೆಸಬೇಕೆಂದು ಹೆಂಡತಿ ಯಸವತಿ ಹಟ ಹಿಡಿದಿದ್ದಳು. ಸೋಮಸಿರಿಗೆ ಕಾರೆಂದರೆ ಪ್ರಾಣ, ಆದರೆ ಹೆಂಡತಿಗೆ ಎದುರಾಡುವ ಧೈರ್ಯವಿಲ್ಲ. ಸ್ಟಾರ್ಟ್ ಆಗದ ಕಾರನ್ನು ಯಾರು ತಾನೇ ಕೊಳ್ಳುತ್ತಾರೆ? ಡಿಸ್ಟ್ರಿಬ್ಯೂಟರಿನ ಮೇಲೆ ಸರಿಯಾದ ಜಾಗಕ್ಕೆ ಅಪ್ಪ ಗೀರಿಟ್ಟ ಗುರುತಿತ್ತು. ಸಂಜೆ ಅದನ್ನು ನೋಡಿ ಸರಿಮಾಡಿದರಾಯಿತು.

"ಒಂದ್ಸಲ ಸ್ಟಾರ್ಟ್ ಮಾಡಿ, ನೋಡೋಣ," ಎಂದಳು ಯಸವತಿ.

ಕಾರು ಗೊರಗೊರ ಎಂದು ಸುಮ್ಮನಾಯಿತು. ಸದ್ದು ಕೇಳಿದ್ದೇ ತಡ, ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಜಿನದಾಸ ಲುಂಗಿ ಎತ್ತಿಕಟ್ಟಿಕೊಂಡು ಬಂದ.

"ಕಿಡಿ ಹಾರೋ ಟೈಮಿಂಗ್ ತಪ್ಪಿದೆ ತಮ್ಮಾ. ನಾನು ಬರೀ ಸದ್ದು ಕೇಳೇ ಸರಿಮಾಡ್ತೀನಿ."

"ಬೇಡಣ್ಣಾ, ಯಾಕೆ ತೊಂದ್ರೆ..."

"ಅಕ್ಕಪಕ್ಕದೋರು ಇನ್ಯಾಕೆ ಇರೋದು?"

ಆಟೋದಲ್ಲಿ ಹಾಡು ಹಾಕಿಕೊಂಡು ಬೀದಿ ಬೀದಿ ಬ್ರೆಡ್ಡು ಮಾರುವ ರುವನ್ ಕೂಡ ಹಾಡು ನಿಲ್ಲಿಸಿ ಇಳಿದ. "ಏನ್ ಕೊಳೆ ಮಾವ ಇದು!" ಎಂದು ಡಿಸ್ಟ್ರಿಬ್ಯೂಟರಿನ ಸುತ್ತ ಉಪ್ಪುಕಾಗದ ಹಾಕಿ ತಿಕ್ಕಿ, ಹಬ್ಬದ ಪಾತ್ರೆಯಂತೆ ಹೊಳೆಯಿಸಿಬಿಟ್ಟ. ಜಿನದಾಸ ಅತ್ತಿತ್ತ ತಿರುಗಿಸಿದ. ಇಂಜಿನ್ ಕೆಮ್ಮಿತು, ಸೀನಿತು, ಗಳಿಗೆ ಹೊತ್ತು ಓಡಿಯೇಬಿಟ್ಟಿತು!

"ಅಯ್ಯೋ!" ಎಂದ ಸೋಮಸಿರಿ.

"ಯಾಕೆ?"

"ಸಂತೋಷಕ್ಕೆ."

ಜಿನದಾಸ, ರುವನ್ ಇಬ್ಬರೂ ಬೆಲ್ಲ ಕಚ್ಚಿಕೊಂಡು ಕರಿಚಹಾ ಕುಡಿಯುವಷ್ಟರಲ್ಲಿ ಸೋಮಸಿರಿ ಪ್ಲಗ್ಗಿನ ವೈರುಗಳನ್ನು ಸಿಕ್ಕಸಿಕ್ಕಂತೆ ಅದಲುಬದಲು ಮಾಡಿದ. ಮುಂದಿನ ಸಲ ಕೀಲಿ ತಿರುಗಿಸಿದಾಗ ಢಂ ಎಂದ ಸದ್ದಿಗೆ ತೆಂಗಿನಮರದ ಕಾಗೆಗಳೆಲ್ಲ ಎದ್ದವು, ಜಿನದಾಸನ ಮುಖ ಮಸಿಯಾಯಿತು. ಆಮೇಲೆ ಕಾರು ಉಸಿರೆತ್ತಲಿಲ್ಲ.

ಅಷ್ಟರಲ್ಲಿ ಹೋಟೆಲ್ ಮಾಲೀಕ ವಿಜೇತುಂಗ ಬಂದ. ಯಸವತಿಯ ಮುಖ ಬಾಡಿತು. ಸೋಮಸಿರಿ ಒಳಗೊಳಗೇ ಹಿಗ್ಗಿದ.

"ಸುಳ್ಳು ಯಾಕೆ ಹೇಳ್ಲಿ ಸಾರ್, ಈ ಕಾರು ಓಡಲ್ಲ."

"ಗ್ಯಾರಂಟಿನಾ?"

"ಗ್ಯಾರಂಟಿ!"

"ಸದ್ಯ! ಹಾಗಾದ್ರೆ ಇದೇ ಬೇಕು. ಇಂಜಿನ್ ಕಿತ್ತು ಹೂಗಿಡ ನೆಟ್ಟು, ಹೋಟೆಲ್ ಮುಂದೆ ನಿಲ್ಲಿಸ್ತೀನಿ. ಹೋದ ವಾರ ಒಂದು ನೋಡ್ದೆ, ಚೆನ್ನಾಗಿ ಓಡ್ತಿತ್ತು. ಅದನ್ನ ಸಾಯಿಸೋಕೆ ಮನಸ್ಸು ಬರ್ಲಿಲ್ಲ, ಬಿಟ್ಟು ಬಂದೆ."

ಸೋಮಸಿರಿ ಕಾರಿನತ್ತ ನುಗ್ಗಿದ. "ಇಲ್ಲ ಸಾರ್, ಓಡುತ್ತೆ! ನಾನೇ ಕೆಡಿಸಿದ್ದು! ಒಂದು ನಿಮಿಷ!" ಎಂದು ಬಾನೆಟ್ಟಿನೊಳಗೆ ತಲೆ ತೂರಿಸಿದ. ಅಪ್ಪನ ಗೀರು? ರುವನ್ ತಿಕ್ಕಿದ ಉಪ್ಪುಕಾಗದಕ್ಕೆ ಅಳಿಸಿಹೋಗಿತ್ತು. ಯಾವ ವೈರು ಎಲ್ಲಿತ್ತು? ದೇವರೇ ಬಲ್ಲ. ಅಳು ಬಂತು. ಕೀಲಿ ತಿರುಗಿಸಿಯೇ ತಿರುಗಿಸಿದ. ಕಾರು ಮಾತ್ರ ಕೆಮ್ಮಲೂ ಇಲ್ಲ.

"ಹಳೇ ಕಾರಿನೋರೆಲ್ಲ ಹೀಗೇ ತಮ್ಮಾ, ಒಂದು ನಿಮಿಷ ಅಂತಾನೇ ಇರ್ತಾರೆ," ಎಂದು ಜಿನದಾಸ ಮಸಿಗೈಯಲ್ಲಿ ಬೆನ್ನು ಸವರಿದ.

ಯಸವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಾರಿನ ಮಾನ ಉಳಿಸೋಕೆ ತಪ್ಪನ್ನ ತಮ್ಮ ಮೇಲೆ ಹಾಕ್ಕೊಳ್ತಿದಾರೆ, ಪಾಪ."

ಲಾರಿಗೆ ಕಟ್ಟಿದ ಕಾರು ಮೂಲೆ ತಿರುಗಿ ಮರೆಯಾಯಿತು. ಗಂಡನ ಪಕ್ಕ ಬಂದು ನಿಂತ ಯಸವತಿ ಮೆಲ್ಲಗೆ ಹೇಳಿದಳು: "ಬೇಜಾರು ಮಾಡ್ಕೋಬೇಡಿ. ನಾಳೆಯಿಂದ ಹೊಲಿಗೆ ಮೆಷಿನ್ನುಗಳು ಬರ್ತವೆ. ಕೆಟ್ರೆ ರಿಪೇರಿ ನಿಮ್ದೇ."

ಬೇಲಿಯಾಚೆಯಿಂದ ಜಿನದಾಸನ ದನಿ ಕೇಳಿಸಿತು. "ಮೆಷಿನ್ನಿಗೂ ಟೈಮಿಂಗ್ ಇರುತ್ತೆ ತಮ್ಮಾ. ಸುಮ್ನೆ ಒಂದು ಕೂಗು ಹಾಕು, ಬರ್ತೀನಿ."