ಇನ್ನೊಂದು ಕೊಡಪ್ಪ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಬರುವ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ಕಣ್ಣಾರೆ ಕಂಡೆ ಅನ್ನುವವರನ್ನು ಅಷ್ಟು ಸುಲಭಕ್ಕೆ ನಂಬಬಾರದು ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಆಮೇಲೆ ಮನೆಗೆ ಬಂದು ದಿನಚರಿ ಬರೆಯುತ್ತೇನೆ, ಮರುವರ್ಷ ಅದನ್ನೇ ಓದಿ 'ಹೀಗಿತ್ತಾ?' ಎಂದು ಅನುಮಾನ ಪಡುತ್ತೇನೆ. ಹಿಂದೊಮ್ಮೆ ಮನೆಮಂದಿಯೆಲ್ಲ ನೀರಾಟದ ಪಾರ್ಕಿಗೆ ಹೋದ ದಿನದ ಪುಟವನ್ನೂ ತೆಗೆದು ನೋಡಿದೆ. ಜಾರುಬಂಡೆ ಎಷ್ಟು ಎತ್ತರವಿತ್ತು, ನನ್ನ ಒಂದು ಚಪ್ಪಲಿ ಎಲ್ಲಿ ತೇಲಿ ಹೋಯಿತು, ನೂಡಲ್ಸಿಗೆ ಉಪ್ಪು ಎಷ್ಟು ಕಡಿಮೆಯಿತ್ತು, ಎಲ್ಲ ಇದೆ. ನಮ್ಮ ಅತ್ತೆ ಏನು ತಿಂದರು ಅನ್ನುವುದು ಮಾತ್ರ ಇಲ್ಲ. ಮುಂದೆ ಯಾರಾದರೂ ಅದನ್ನೇ ಕೇಳುತ್ತಾರೆಂದು ನನಗೇನು ಗೊತ್ತಿತ್ತು.

ಕೇಳಿದವಳು ನಾದಿನಿ ಶಾರದಾ. ಹೊಸದುರ್ಗದಲ್ಲಿರುವ ಅವಳ ಮನೆಗೆ ಅತ್ತೆ ಈ ಶುಕ್ರವಾರ ಹೊರಟಿದ್ದರು, ಒಂದೆರಡು ತಿಂಗಳು ಇದ್ದು ಬರಲು. ಅದರ ಹಿಂದಿನ ವಾರ ಫೋನ್ ಬಂತು. "ಅತ್ತಿಗೆ, ಅವ್ವಂಗೆ ತಿನ್ನಾಕೆ ಏನಿಷ್ಟ ಹೇಳ್ರಿ. ಬರೋ ಹೊತ್ತಿಗೆ ಮಾಡಿಟ್ಟಿರ್ತೀನಿ." ನಾನು ನಕ್ಕೆ. "ನಿಮ್ಮವ್ವನ ಇಷ್ಟ ನನ್ನ ಕೇಳ್ತೀಯಲ್ಲ?" ಎಂದೆ. "ನಾನಿದ್ದಾಗ ಎಲ್ಲರದ್ದೂ ಆದ್ಮೇಲೆ ಉಳಿದಿದ್ದನ್ನ ತಿನ್ನೋಳು. ಏನಿಷ್ಟ ಅಂತ ನಂಗೆಂಗೆ ಗೊತ್ತಾಗಬೇಕು? ನೀವು ಮದ್ವೆಯಾಗಿ ಬಂದಾಗಿಂದ ನಿಮ್ಮ ಕೈ ಊಟ ಉಣ್ತಾ ಅವಳೆ. ನಿಮಗೆ ಗೊತ್ತಿಲ್ಲ ಅಂದ್ರೆ ಯಾರಿಗೆ ಗೊತ್ತಿರ್ತೈತೆ?" ಅಂದಳು. ಯೋಚಿಸಿ ಹೇಳ್ತೀನಿ ಎಂದು ಫೋನಿಟ್ಟೆ. ಗೊತ್ತಿಲ್ಲ ಎಂದು ಒಪ್ಪಿಕೊಂಡರೆ ಇಷ್ಟು ವರ್ಷ ನಾನು ಯಾರಿಗೆ ಬಡಿಸಿದೆ ಎಂಬ ಪ್ರಶ್ನೆ ಏಳುತ್ತದೆ. ಅತ್ತೆ ಬಸ್ಸು ಹತ್ತುವುದರೊಳಗೆ ಉತ್ತರ ಹುಡುಕಲೇಬೇಕಿತ್ತು.

ಹುಡುಕುವುದು ಹೇಗೆ? ಅಡಿಗೆಯ ಬಗ್ಗೆ ಅತ್ತೆಯ ಬಾಯಲ್ಲಿ ಇರುವುದು ಒಂದೇ ಮಾತು, 'ನಡಿತೈತೆ'. ಉಪ್ಪಿಟ್ಟು ಹೇಗಿದೆ ಅತ್ತೆ? ನಡಿತೈತೆ. ಹೋಳಿಗೆ? ನಡಿತೈತೆ ಬಿಡವ್ವ. ಒಮ್ಮೆ ಸಾರಿಗೆ ಹುಣಸೆಹಣ್ಣು ಹಾಕುವುದನ್ನೇ ಮರೆತಿದ್ದೆ. ನನ್ನ ಗಂಡ ಒಂದು ತುತ್ತು ಬಾಯಿಗಿಟ್ಟು ಸೀದಾ ಉಪ್ಪಿನಕಾಯಿ ಭರಣಿಗೆ ಕೈ ಹಾಕಿದರು. ಅತ್ತೆ ಮಾತ್ರ ತಟ್ಟೆ ಖಾಲಿ ಮಾಡಿ, ನಡಿತೈತೆ ಎಂದೇ ಎದ್ದರು. ಅದು ಹೊಗಳಿಕೆಯೋ ಕ್ಷಮಾದಾನವೋ ನನಗೆ ಇವತ್ತಿಗೂ ತಿಳಿದಿಲ್ಲ. ಹೋಟೆಲಿಗೆ ಹೋದರೆ ಅಷ್ಟೂ ಇಲ್ಲ, "ನಿಮಗೇನೋ ನಂಗೂ ಅದೇ" ಎಂದು ಮುಗಿಸುತ್ತಾರೆ. ಪಾರ್ಕಿಗೆ ಹೊರಟ ದಿನ ಬೆಳಗ್ಗೆ ಹಿರಿಯೂರಿನಲ್ಲಿ ಹೈವೇ ಪಕ್ಕ ತಿಂಡಿಗೆ ನಿಂತೆವು. ಮಾಣಿ ಇಡ್ಲಿಯಿಂದ ಶುರು ಮಾಡಿ ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿದ. ಅತ್ತೆ ಗಮನವಿಟ್ಟು ಕೇಳಿದರು. ಬೆಣ್ಣೆ ದೋಸೆಯ ಹೆಸರು ಬಂದಾಗ ತಲೆಯನ್ನೂ ಆಡಿಸಿದರು. ಕೊನೆಗೆ, "ಇವರೇನು ಹೇಳಿದ್ರೋ ನಂಗೂ ಅದೇ ಕೊಡಪ್ಪ," ಎಂದರು. ನಾವಿನ್ನೂ ಏನೂ ಹೇಳಿರಲೇ ಇಲ್ಲ. "ಅಮ್ಮಾರೇ, ಇವರು ನಿಮ್ಮ ಮುಖ ನೋಡ್ತಾವ್ರೆ," ಎಂದ ಮಾಣಿ.

ಅಂಥವರು ಬೆಂಗಳೂರಿನ ಹತ್ತಿರದ ಆ ಪಾರ್ಕಿನಲ್ಲಿ ಒಬ್ಬರೇ ಹೋಗಿ, ಬೇಕಾದ್ದನ್ನು ಕೇಳಿ ತಿಂದರು. ನನಗೆ ಗೊತ್ತಿರುವಂತೆ ಅವರ ಜೀವನದಲ್ಲಿ ಅದೊಂದೇ ಸಲ. ಅಲ್ಲಿ ಊಟದ ಜಾಗವೆಂದರೆ ನಮ್ಮೂರ ಬಸ್‌ಸ್ಟ್ಯಾಂಡಿನಷ್ಟು ದೊಡ್ಡ ಛಾವಣಿ. ಸುತ್ತ ಕೌಂಟರುಗಳು, ನಡುವೆ ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ತಿನ್ನುವ ಜನ. ಎಲ್ಲರ ಮಣಿಕಟ್ಟಿಗೂ ಒಂದು ಪಟ್ಟಿ ಕಟ್ಟಿದ್ದರು, ದುಡ್ಡು ಅದರೊಳಗೇ ಇರುತ್ತದಂತೆ. ಬಳೆಗಾರನ ಮುಂದೆ ಚಾಚಿದ ಹಾಗೆ ಕೈ ಚಾಚಿದರೆ ಸಾಕು. ಟೇಬಲ್ ಕೈತಪ್ಪದಿರಲಿ ಎಂದು ಅತ್ತೆಯನ್ನು ಒದ್ದೆ ಬಟ್ಟೆಯ ಚೀಲದೊಂದಿಗೆ ಕೂರಿಸಿದೆವು. ನನ್ನ ಗಂಡ ಒಂದು ಸಾಲಿನಲ್ಲಿ ನಿಂತರು, ನಾನು ಮಗಳು ಸಿರಿಯ ಜೊತೆ ನೂಡಲ್ಸಿನ ಸಾಲಿನಲ್ಲಿ ನಿಂತೆ. ಸಾಲು ಅರ್ಧ ಕರಗಿತ್ತು. ಅಷ್ಟರಲ್ಲಿ ಹಿಂದಿನಿಂದ ಎಲ್ಲಿಂದಲೋ ಅತ್ತೆಯ ದನಿ ಕೇಳಿತು. "ಇನ್ನೊಂದು ಕೊಡಪ್ಪ."

ತಿರುಗಿದೆ. ಯಾರದೋ ಹೆಗಲ ಮೇಲೆ ಕೂತಿದ್ದ ಮಗುವಿನ ಕಾಲುಗಳ ಸಂದಿಯಲ್ಲಿ ಅತ್ತೆಯ ಕಂದು ಅಂಚಿನ ಸೀರೆ ಕಂಡಿತು, ಅಥವಾ ಕಂಡಿತೆಂದು ಈಗ ಅನಿಸುತ್ತಿದೆ. ಯಾವ ಕೌಂಟರೋ ಕಾಣಲಿಲ್ಲ. ಓಡಿಹೋಗಿ ನೋಡಬಹುದಿತ್ತು. ಆದರೆ ಹಿಂದೆ ನಿಂತಿದ್ದ ದಪ್ಪನೆಯ ಮನುಷ್ಯ ನಾನು ಕಾಲು ಎತ್ತುವುದನ್ನೇ ಕಾಯುತ್ತಿದ್ದ. ನಾನು ನೂಡಲ್ಸನ್ನೇ ಆರಿಸಿಕೊಂಡೆ.

ಟ್ರೇ ಹಿಡಿದು ವಾಪಸು ಬಂದರೆ ಅತ್ತೆ ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಾ ಕೂತಿದ್ದರು. ಎಲ್ಲಿಗೆ ಹೋಗಿದ್ರಿ ಎಂದರೆ, "ಚೀಲ ನೋಡ್ಕಳ್ರಿ ಅಂತ ಆಯಮ್ಮಂಗೆ ಹೇಳಿ ಹೋಗಿದ್ದೆ ಕಣವ್ವ. ಹೊಳಲ್ಕೆರೆಯೋರಂತೆ. ಮಗಳನ್ನ ರಾಮಗಿರಿಗೆ ಕೊಟ್ಟವ್ರಂತೆ. ಅಳಿಯ ರೈಲ್ವೆಯಲ್ಲವನಂತೆ," ಎಂದು ಖಾಲಿಯಾಗಿದ್ದ ಪಕ್ಕದ ಟೇಬಲ್ ತೋರಿಸಿದರು. ಆ ಹೆಂಗಸಿನ ಇಡೀ ವಂಶಾವಳಿ ಸಿಕ್ಕಿತು, ಅತ್ತೆ ಎಲ್ಲಿಗೆ ಹೋಗಿದ್ದರು ಅನ್ನುವುದು ಸಿಗಲಿಲ್ಲ. ಅವರಿಗೆಂದು ತಂದಿದ್ದ ಮೊಸರನ್ನದಲ್ಲಿ ಎರಡು ತುತ್ತು ತಿಂದು, "ಹೊಟ್ಟೆ ತುಂಬೈತೆ," ಎಂದು ತಟ್ಟೆ ಸರಿಸಿದರು. ನಡಿತೈತೆ ಎನ್ನಲಿಲ್ಲ.

ಮನೆಯಲ್ಲಿ ಇದರ ಬಗ್ಗೆ ಮೂರು ವಾದಗಳಿವೆ. ಅತ್ತೆಯ ತುಟಿಯಂಚಿನಲ್ಲಿ ಕೆಂಪಗೆ ಏನೋ ಇತ್ತು, ಆದ್ದರಿಂದ ಗೋಬಿ ಮಂಚೂರಿ ಎನ್ನುವುದು ನನ್ನದು. ಕೆಂಪಲ್ಲ ಹಳದಿ, ಅಜ್ಜಿ ತಿಂದದ್ದು ಮ್ಯಾಂಗೋ ಐಸ್‌ಕ್ರೀಮ್ ಎನ್ನುವುದು ಸಿರಿಯದು. ನನ್ನ ಗಂಡನದು ಎಲ್ಲಕ್ಕಿಂತ ನೀರಸ. "ಅವ್ವ ಅಲೆ ಬರೋ ಕೊಳದಲ್ಲಿ ನಿಂತಿದ್ಲಲ್ಲ, ಕುಂಕುಮ ಇಳಿದಿರ್ತೈತೆ. ಇನ್ನೊಂದು ಕೊಡಪ್ಪ ಅಂದಿದ್ದು ಟಿಶ್ಯೂ ಪೇಪರ್‌ಗೆ." ಒಂದು ಕಾಗದದ ಚೂರಿಗೆ ಯಾರಾದರೂ ಅಷ್ಟು ಆಸೆಯಿಂದ ಕೇಳುತ್ತಾರೆಯೇ ಎಂದರೆ, "ಆಸೆ ಅಂತ ನಿಂಗೆ ಆಮೇಲೆ ಅನ್ಸಿದ್ದು," ಎಂದರು. ನನ್ನ ಪಾಠವನ್ನು ನನಗೇ ಒಪ್ಪಿಸಿದಂತಾಯಿತು. ಮಣಿಕಟ್ಟಿನ ಪಟ್ಟಿಯಿಂದ ಏನಾದರೂ ತಿಳಿಯುತ್ತಿತ್ತೋ ಏನೋ, ಅದನ್ನೂ ಗೇಟಿನಲ್ಲಿ ಕತ್ತರಿಸಿ ಬುಟ್ಟಿಗೆಸೆದರು.

ಪಾರ್ಕಿಗೆ ಹೋದ ಮರುದಿನ ಮಧ್ಯಾಹ್ನ, ಊರಿಗೆ ಹೊರಡುವ ಮೊದಲು, ಬೆಂಗಳೂರಿನ ಒಂದು ರೆಸ್ಟೋರೆಂಟಿನಲ್ಲಿ ನಾನು ಪತ್ತೇದಾರಿಕೆಗಿಳಿದೆ. ಮೆನು ಮದುವೆಯ ಆಲ್ಬಮ್ಮಿನಷ್ಟು ದಪ್ಪವಿತ್ತು, ದೀಪ ಮಾತ್ರ ಗರ್ಭಗುಡಿಯಷ್ಟು. ಮೊಬೈಲ್ ಟಾರ್ಚ್ ಹಾಕಿ ಓದಿ, ಮಂಚೂರಿ, ಪಿಜ್ಜಾ, ಮಸಾಲೆ ಜೋಳ, ಐಸ್‌ಕ್ರೀಮ್ ಎಲ್ಲ ತರಿಸಿ, ಪೊಲೀಸರು ಶಂಕಿತರನ್ನು ನಿಲ್ಲಿಸುವಂತೆ ಅತ್ತೆಯ ಮುಂದೆ ಸಾಲಾಗಿ ಇಟ್ಟೆ. ಅತ್ತೆ ಒಂದೊಂದನ್ನೂ ಚೂರು ಬಾಯಿಗಿಟ್ಟರು. ನಡಿತೈತೆ. ನಡಿತೈತೆ. ಇದೂ ನಡಿತೈತೆ. ಊಟ ಹೇಗಿತ್ತು ಎಂದು ವಿಚಾರಿಸಲು ಬಂದ ಸೂಟಿನ ಹುಡುಗನಿಗೂ, "ನಡಿತೈತಪ್ಪ, ಪಾಪ," ಎಂದರು. ಅವನ ಮುಖ ಬಾಡಿತು. ಅದು ನಮ್ಮ ಕಡೆ ದೊಡ್ಡ ಮಾತು ಎಂದು ಸಮಾಧಾನ ಹೇಳಿದೆ. ಉಳಿದದ್ದನ್ನೆಲ್ಲ ನಾನೇ ತಿಂದೆ. ಹಿಂದಿರುಗುವಾಗ ಸಿರಾದಲ್ಲಿ ಒಮ್ಮೆ, ಹಿರಿಯೂರಿನಲ್ಲಿ ಒಮ್ಮೆ ಕಾರು ನಿಲ್ಲಿಸಬೇಕಾಯಿತು. ಆ ವಿವರ ದಿನಚರಿಯಲ್ಲಿದೆ.

ಶಾರದಾಳ ಫೋನ್ ಬಂದ ಮೇಲೆ ಹಳೆಯ ತನಿಖೆ ಮತ್ತೆ ಶುರು ಮಾಡಿದೆ. ಒಂದು ದಿನ ಮನೆಯಲ್ಲೇ ಮಂಚೂರಿ ಮಾಡಿದೆ, ನಡಿತೈತೆ. ಇನ್ನೊಂದು ದಿನ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದೆ, ನಡಿತೈತೆ. ಗುರುವಾರ ಸಂಜೆ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟು ಅವರ ಮುಖವನ್ನೇ ನೋಡುತ್ತಾ ಕೂತೆ. "ಏನವ್ವ, ಹಂಗ್ ನೋಡ್ತೀಯ? ಖಾರ ನೆತ್ತಿಗೇರ್ತೈತೆ," ಎಂದರು.

ಶುಕ್ರವಾರ ಬಸ್ ಹತ್ತಿಸಲು ಹೋದೆ. ಕಿಟಕಿ ಪಕ್ಕ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡ ಅತ್ತೆ ಇದ್ದಕ್ಕಿದ್ದಂತೆ, "ಬರುವಾಗ ಶಾರದನ ಕೈಲಿ ಏನಾರ ಮಾಡಿಸ್ಕಂಡು ಬರ್ತೀನಿ. ನಿಂಗೇನಿಷ್ಟ ಹೇಳವ್ವ," ಎಂದರು.

ನಾನು ಯೋಚಿಸಿದೆ. ಸಿರಿಗೆ ಚಕ್ಕುಲಿ, ಇವರಿಗೆ ಶೇಂಗಾ ಹೋಳಿಗೆ. ನನಗೆ? ಕಂಡಕ್ಟರ್ ಚೀಟಿ ಹರಿದು ಮುಗಿಸುತ್ತಿದ್ದ.

"ಏನಾದ್ರೂ ನಡಿಯುತ್ತೆ ಅತ್ತೆ," ಎಂದೆ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಬಸ್ಸು ಗುರ್ರೆಂದಿತು. ನಾನು ಕಿಟಕಿಯ ಸರಳು ಹಿಡಿದು, "ಅತ್ತೆ, ಅವತ್ತು ಪಾರ್ಕಿನಲ್ಲಿ ಇನ್ನೊಂದು ಕೊಡಪ್ಪ ಅಂದ್ರಲ್ಲ, ಏನದು?" ಎಂದು ಕೇಳಿಯೇಬಿಟ್ಟೆ.

"ಕೈ ತೆಗಿಯವ್ವ, ಬಸ್ ಹೊಂಟೈತೆ," ಎಂದರು.