ಸಾವಿರ ನೋಟದ ಸಮಪಾಲು

ಬು ಸುಪಿನಾ ಪರದೆಯಲ್ಲಿ ನೋಡುತ್ತಿದ್ದ ದಾಂಗ್‌ದುತ್ ಹಾಡುಗಾತಿ ತೆರೆದ ಬಾಯಿಯನ್ನು ಮುಚ್ಚಲೇ ಇಲ್ಲ. ಇಂಟರ್ನೆಟ್ ನಿಂತಿತ್ತು. ಮಲಾಂಗ್ ಊರಿನ ಆ ಓಣಿಯ ಅಷ್ಟೂ ಮನೆಗಳಿಗೆ ಇದ್ದದ್ದು ಒಂದೇ ಲೈನು. ಅದನ್ನು ಹಂಚುವ ಮುದಿ ಕಂಪ್ಯೂಟರ್ ಸರ್ವೇದಿಯ ಮನೆಯಲ್ಲಿ ಗುರುಗುಟ್ಟುತ್ತಿತ್ತು. ಅವನ ಹೊಟ್ಟೆಪಾಡೂ ಅದೇ.

ಸುಪಿನಾ ಓಣಿಯ ಮುಖಂಡ ಪಾಕ್ ಕುಸ್ನಾನರನ್ನು ಅವನ ಮನೆಗೆ ಕರೆತಂದಳು; ಅಲ್ಲಿ ಹಿರಿಯ ಹೆಂಗಸರನ್ನು 'ಬು', ಗಂಡಸರನ್ನು 'ಪಾಕ್' ಎಂದೇ ಕರೆಯುವುದು. ಹಿಂದೆ ಅರ್ಧ ಓಣಿ. ಪಕ್ಕದ ಮನೆಯವರು ತಮ್ಮ ಪಾಲು ಕದಿಯುತ್ತಾರೆ ಎಂಬುದು ಪ್ರತಿಯೊಬ್ಬರ ದೂರು.

"ಎಲ್ಲರಿಗೂ ಸಮ ಹಂಚೋಕಾಗಲ್ವೇನಯ್ಯ?" ಎಂದರು ಕುಸ್ನಾನ್.

ಸರ್ವೇದಿ ಸುಮ್ಮನಿರಬೇಕಿತ್ತು. "ಕರ್ನೆಲ್ ಅಂತ ಒಂದಿದೆ ಪಾಕ್, ಯಂತ್ರದ ಯಜಮಾನ. ಅದು ಸೆಕೆಂಡಿಗೆ ನೂರು ಸಲ ಕಣ್ಣು ಬಿಟ್ಟು ನೋಡುತ್ತೆ. ನಡುವೆ ಯಾರು ಬಾಚ್ಕೊಂಡ್ರೂ ಗೊತ್ತಾಗಲ್ಲ. ಸಾವಿರ ಸಲ ನೋಡೋ ಹಾಗೆ ಮಾಡಿದ್ರೆ ಒಂದು ಹನಿ ಹೆಚ್ಚುಕಮ್ಮಿ ಆಗಲ್ಲ."

"ಸಂಜೆಯೊಳಗೆ ಮಾಡು. ಇಲ್ಲಾಂದ್ರೆ ನನ್ನ ಭಾಮೈದ ಜಾರ್ವೊ ಖಾಲಿ ಕೂತಿದಾನೆ."

ಕಂಪ್ಯೂಟರಿನಲ್ಲಿ ಜಾರ್ವೊಗೆ ಗೊತ್ತಿದ್ದದ್ದು ಪ್ಲಗ್ ಒಂದೇ.

ನೂರನ್ನು ಸಾವಿರ ಮಾಡುವುದು ಒಂದು ಸೊನ್ನೆಯ ಕೆಲಸ. ಆದರೆ ಕರ್ನೆಲನ್ನು ಮತ್ತೆ ಕಟ್ಟಲು ಆ ಯಂತ್ರಕ್ಕೆ ಗಂಟೆಗಟ್ಟಲೆ ಬೇಕು. ಮುಕ್ಕಾಲು ಮುಗಿದಾಗ ಅಮ್ಮ ರೈಸ್ ಕುಕ್ಕರ್ ಹಾಕಿದಳು. ಎರಡರ ಭಾರ ತಾಳದೆ ಮನೆಯ ಕರೆಂಟು ಟಪ್ಪೆಂದು ಹೋಯಿತು. ಕಟ್ಟಿದ್ದೆಲ್ಲ ಕೆಟ್ಟು ಮತ್ತೆ ಮೊದಲಿಂದ ಶುರು. ಕುಕ್ಕರ್ ಮುಟ್ಟಬೇಡ ಎಂದು ಅಮ್ಮನ ಕಾಲು ಹಿಡಿಯುವುದೊಂದು ಬಾಕಿ. ನೆರೆಯವರು ಅವನ ಮನೆಯ ಕರಿದ ಸೋಯಾ ತೆಂಪೆಯನ್ನೇ ತಿನ್ನುತ್ತ ಅವನಿಗೇ ಬುದ್ಧಿ ಹೇಳಿದರು.

ಸಂಜೆ ಸರ್ವೇದಿ ಯಂತ್ರವನ್ನು ಮಲಗಿಸಿ ಎಬ್ಬಿಸಿದ. "ಈಗ ನೋಡಪ್ಪ, ಎಷ್ಟು ಚೆನ್ನಾಗಿ ಬರ್ತಿದೆ" ಎಂದಳು ಸುಪಿನಾ. ಕುಸ್ನಾನ್ ಬೆನ್ನು ತಟ್ಟಿದರು. ಕೆಲಸ ಉಳಿಯಿತು.

ಎಲ್ಲರೂ ಹೋದ ಮೇಲೆ ಪರದೆ ನೋಡಿದರೆ, ಓಡುತ್ತಿದ್ದದ್ದು ಹಳೆಯ ಕರ್ನೆಲ್ಲೇ. ಯಂತ್ರ ಏಳುವಾಗ ಕೀಲಿಮಣೆಯಲ್ಲಿ ಹೊಸದರ ಹೆಸರು ಒತ್ತಬೇಕು, ಇಲ್ಲದಿದ್ದರೆ ಹಳೆಯದೇ ಎದ್ದು ಕೂರುತ್ತದೆ. ಗಡಿಬಿಡಿಯಲ್ಲಿ ಮರೆತಿದ್ದ. ಓಣಿಯ ಜಾಣರು ಹೊಗಳಿದ್ದು ಬೆಳಗಿನ ಇಂಟರ್ನೆಟ್ಟನ್ನೇ. ಬುದ್ಧಿಯಿದ್ದವನಾಗಿದ್ದರೆ ಉಂಡು ಮಲಗುತ್ತಿದ್ದ. ಇವನಿಗೆ, ಹಳೆಯದಕ್ಕೇ ಇಷ್ಟು ಹೊಗಳಿದವರು ಹೊಸದಕ್ಕೆ ಹೊತ್ತು ಮೆರೆಸುತ್ತಾರೆ ಎನ್ನಿಸಿತು. ಮತ್ತೆ ಎಬ್ಬಿಸಿ, ಈ ಸಲ ಹೊಸದರ ಹೆಸರು ಒತ್ತಿದ.

ನಿಜವಾದ ಸಮಪಾಲು ಬಂತು. ಗಂಜಿ ಬಡಿಸಿದ ಹಾಗೆ ಮನೆಗೊಂದೇ ಸೌಟು; ಪಕ್ಕದವರು ಉಣ್ಣದಿದ್ದರೂ ಅವರ ಪಾಲು ಇವರಿಗಿಲ್ಲ. ಇಷ್ಟು ದಿನ ಕದಿಯುತ್ತಿದ್ದವರು ಎಲ್ಲರೂ, ಎಲ್ಲರಿಗಿಂತ ಹೆಚ್ಚಾಗಿ ಕುಸ್ನಾನ್. ಓಣಿಗೆ ಓಣಿಯೇ ಬಾಗಿಲಿಗೆ ಬಂತು.

"ನೀವೇ ತಾನೆ ಪಾಕ್ ಸಮ ಮಾಡು ಅಂದದ್ದು?" ಎಂದ ಸರ್ವೇದಿ.

"ಸಮ ಮಾಡು ಅಂದೆ. ಅದರಲ್ಲಿ ನನ್ನನ್ನೂ ಸೇರಿಸು ಅಂದ್ನಾ?" ಎಂದರು ಕುಸ್ನಾನ್. ಅಲ್ಲಿಯೇ ಕೆಲಸವನ್ನು ಜಾರ್ವೊಗೆ ಕೊಟ್ಟರು.

ಜಾರ್ವೊ ಗಂಭೀರವಾಗಿ ಯಂತ್ರಕ್ಕೆ ಒಂದು ಸುತ್ತು ಬಂದ. ಆಮೇಲೆ ಪ್ಲಗ್ ಕಿತ್ತು ಮತ್ತೆ ಚುಚ್ಚಿದ. ಹಳೆಯ ಕರ್ನೆಲ್ ಎದ್ದು ಕೂತಿತು. ಸುಪಿನಾ ಮನೆಯಿಂದ ಹಾಡು ತೇಲಿ ಬಂತು.

"ಕೆಲಸ ಗೊತ್ತಿರೋನು ಬಂದ್ರೆ ಹೀಗೆ" ಎಂದರು ಕುಸ್ನಾನ್. ಓಣಿ ತಲೆಯಾಡಿಸಿತು.

ಸರ್ವೇದಿ ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ ಕುಕ್ಕರ್ ಹಿಡಿದು ಬಂದಳು. "ಇಷ್ಟು ಕೆಲಸಕ್ಕೇನೋ, ಬೆಳಗ್ಗೆಯಿಂದ ನನ್ನ ಅನ್ನ ಬೇಯೋಕೆ ಬಿಡದೇ ಇದ್ದದ್ದು?"