ಸೋಮವಾರ ಹೂಡದ ಗಾಡಿ

ನಮ್ಮ ದೊಡ್ಡಪ್ಪನಿಗೆ ಹುಚ್ಚು ಹಿಡಿದಿದೆ ಎಂದು ಬೈಲಹೊಂಗಲದಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಹುಚ್ಚಾಗಿದ್ದರೆ ಧಾರವಾಡದ ಬಸ್ಸು ಹತ್ತಿಸಿ, ನಾಲ್ಕು ಗುಳಿಗೆ ನುಂಗಿಸಿ ಕರೆದುಕೊಂಡು ಬರುತ್ತಿದ್ದೆವು. ದೊಡ್ಡಪ್ಪನಿಗೆ ಹಿಡಿದಿರುವುದು ಗಾಡಿ! ಅದಕ್ಕೆ ಯಾವ ಊರಿನಲ್ಲೂ ಔಷಧವಿಲ್ಲ.

ಗಾಡಿ ಎಂದರೆ ಹಳೆಯ ಸ್ಟೇಷನ್ ವ್ಯಾಗನ್. ಉದ್ದನೆಯ ಮೈ, ಹಿಂದೆ ಎರಡು ಚೀಲ ಜೋಳ ಹಿಡಿಯುವಷ್ಟು ಜಾಗ. ಒಂದು ಕಾಲಕ್ಕೆ ಬೆಳ್ಳಗಿದ್ದಿರಬೇಕು. ಗೇರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಕಡ್ಡಿ. ಅದನ್ನು ಎಳೆದರೆ ಹಿಂದಿನ ಎರಡು ಗಾಲಿಗಳ ಜೊತೆ ಮುಂದಿನ ಎರಡೂ ಎಳೆಯುತ್ತವಂತೆ. 'ಅಂತೆ' ಎನ್ನುವುದೇಕೆಂದರೆ ಆ ಕಡ್ಡಿಯನ್ನು ದೊಡ್ಡಪ್ಪ ಯಾರಿಗೂ ಮುಟ್ಟಗೊಡಲಿಲ್ಲ, ತಾನೂ ಮುಟ್ಟಲಿಲ್ಲ.

ಜೀವಮಾನವಿಡೀ ಎತ್ತು ಕಟ್ಟಿದ ಮನುಷ್ಯ. ಕೊನೆಯ ಜೋಡಿ ಮಾರಿ, ಚಕ್ಕಡಿಯನ್ನೂ ಕೊಟ್ಟು, ಎರಡು ವರ್ಷ ಮಂಕಾಗಿ ಕೂತಿದ್ದ. ಕಳೆದ ಸಂಕ್ರಾಂತಿ ಆದ ಮೇಲೆ ನನ್ನನ್ನು ರಾಮದುರ್ಗಕ್ಕೆ ಎಳೆದುಕೊಂಡು ಹೋದ. ಅಲ್ಲಿ ಗಾಡಿಯ ಮಾಲೀಕ, ಜೀನ್ಸ್ ತೊಟ್ಟ ಹುಡುಗ, ಎಂಜಿನ್ ಚಾಲು ಮಾಡಿ ತೋರಿಸಲು ಬಂದರೆ ದೊಡ್ಡಪ್ಪ ಬೇಡವೆಂದ. ಗಾಡಿಗೆ ಮೂರು ಸುತ್ತು ಬಂದ. ಬೆನ್ನು ತಟ್ಟಿದ. ಬಾನೆಟ್ ಎತ್ತಿ ಬಾಯೊಳಗೆ ಇಣುಕುವಂತೆ ಇಣುಕಿದ.

"ಏನ್ ಹುಡಕಾಕತ್ತೀರಿ ಅಜ್ಜಾರ?"

"ಸುಳಿ. ಕೆಟ್ಟ ಸುಳಿ ಇದ್ರ ಮನಿಗೆ ಆಗಿ ಬರಂಗಿಲ್ಲ."

ಎತ್ತಿನ ಮೈಗೂದಲಿಗಾದರೆ ಸುಳಿ ಇರುತ್ತದೆ, ಕಬ್ಬಿಣಕ್ಕೆಲ್ಲಿಯ ಸುಳಿ ಸ್ವಾಮಿ! ಅಷ್ಟಕ್ಕೇ ಮುಗಿಯಿತೇ? ಹೆಗಲ ಮೇಲಿನ ಟವೆಲ್ ತೆಗೆದು ಹುಡುಗನ ಕೈ ಮೇಲೆ ಹಾಕಿ, ಅದರ ಅಡಿಯಲ್ಲಿ ಅವನ ಬೆರಳು ಹಿಡಿಯತೊಡಗಿದ. ಎತ್ತಿನ ಸಂತೆಯಲ್ಲಿ ದರ ಮಾತಾಡುವುದು ಹಾಗೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಪಾಪ, ಆ ಹುಡುಗನಿಗೇನು ಗೊತ್ತು? "ಕೈ ಬಿಡ್ರಿ ಅಜ್ಜಾರ, ಯಾಕ್ ಹಿಚಕತೀರಿ!" ಎಂದು ಕೊಸರಿಕೊಂಡು ದರವನ್ನು ಓಣಿಗೆಲ್ಲ ಕೇಳುವಂತೆ ಕೂಗಿಬಿಟ್ಟ. ದೊಡ್ಡಪ್ಪ ಗಾಬರಿಯಾಗಿ ಅವನ ಬಾಯಿ ಮುಚ್ಚಿದ.

"ಒದರಬ್ಯಾಡೋ ಮಾರಾಯಾ! ಅದಕ್ಕ ಕೇಳಸ್ತೈತಿ!"

ಹೀಗೆ ಗಾಡಿ ಮನೆಗೆ ಬಂತು. ನನ್ನ ಗ್ರಹಚಾರವೂ ಬಂತು. ಹ್ಯಾಂಡ್ ಬ್ರೇಕ್ ಇತ್ತು, ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಅದು ನಮಗೆ ತಿಳಿದದ್ದು ಸವದತ್ತಿ ಗುಡ್ಡದ ಇಳಿಜಾರಿನಲ್ಲಿ, ಗಾಡಿ ನಮ್ಮನ್ನು ಬಿಟ್ಟು ತಾನೊಂದೇ ಊರಿಗೆ ಹೊರಟಾಗ! ಓಡಿ ಹೋಗಿ ದಾರಿಯ ಬದಿಯ ಕರಿ ಕಲ್ಲೊಂದನ್ನು ಗಾಲಿಗೆ ಕೊಟ್ಟು ನಿಲ್ಲಿಸಿದೆ. "ಭೇಷ್! ಈ ಕಲ್ಲು ಬಿಡಬ್ಯಾಡ" ಎಂದು ದೊಡ್ಡಪ್ಪ ಅದನ್ನು ಗಾಡಿಯೊಳಗೆ ನನ್ನ ಕಾಲ ಬುಡದಲ್ಲೇ ಇಟ್ಟ. ಅಂದಿನಿಂದ ಅದೇ ನನ್ನ ಉದ್ಯೋಗ. ನಾನು ಎಂ.ಎ. ಮಾಡಿ ಕಾಲೇಜಿನ ಆಫೀಸಿನಲ್ಲಿ ಕೂಡುವವನು. ಪೇಟೆಯ ನಡುವೆ ಗಾಡಿ ನಿಲ್ಲುವುದೇ ತಡ, "ಕಲ್ ಕೊಡೋ ತಮ್ಮಾ!" ಎಂಬ ಆಜ್ಞೆ. ಕಲ್ಲು ಹಿಡಿದು ಹಾರುತ್ತಿದ್ದೆ. ನಮ್ಮ ಕಾಲೇಜಿನ ಹುಡುಗಿಯರು ನೋಡಿ ನಗುತ್ತಿದ್ದರು.

ಇನ್ನು ವಾರ-ತಿಥಿಯ ಕಾಟ. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತು ಹೂಡುವುದಿಲ್ಲ. ಅಮಾವಾಸ್ಯೆಗೂ ಹೂಡುವುದಿಲ್ಲ. ಸರಿ, ಎತ್ತಿಗೆ! ಒಂದು ಭಾನುವಾರ ಕಿತ್ತೂರಿನಲ್ಲಿ ಗಾಡಿ ಕೆಟ್ಟಿತು. ಮಿಸ್ತ್ರಿ ಸೋಮವಾರ ಮುಂಜಾನೆ ರೆಡಿ ಮಾಡಿಕೊಟ್ಟ. ದೊಡ್ಡಪ್ಪ ಗಾಡಿಯ ಮೈ ಸವರಿ, "ಇವತ್ತ ದಣಿವಾರಸ್ಕೋ" ಎಂದು ಹೇಳಿ ಬಸ್ಸು ಹತ್ತಿದ. ಮಂಗಳವಾರ ಅಮಾವಾಸ್ಯೆ. ಬುಧವಾರ ಹೋದರೆ ಬ್ಯಾಟರಿ ಸತ್ತಿತ್ತು. ಮಿಸ್ತ್ರಿ ಕೈ ಮುಗಿದ.

"ಅಜ್ಜಾರ, ಪಂಚಾಂಗ ನೋಡಿ ಬ್ಯಾಟರಿ ಉಳಿಯಂಗಿಲ್ಲರಿ. ಇನ್ನೊಂದ ಮಾತ. ಆ ಮುಂದಿನ ಗಾಲಿ ಎಳಿಯೂ ಸಾಮಾನು ಬಿಚ್ಚಿ ಒಗೀತೇನಿ. ನೀವಂತೂ ಹಾಕಂಗಿಲ್ಲ. ಸುಮ್ನ ಅದಕ್ಕ ಎಣ್ಣಿ, ಅದಕ್ಕ ಬೇರಿಂಗ್..."

"ಅದನ್ನ ಮುಟ್ಟಿದ್ರ ನೋಡ ಮತ್ತ! ಅದಕ್ಕಂತನ ಗಾಡಿ ತಗೊಂಡೇನಿ. ಅದರ ಹೊತ್ತು ಬರ್ಲಿ."

ಯಾವ ಹೊತ್ತು? ಅದೇ ದಿನ ಎಡಬಾಗಿಲ ಕೆಳಗೆ ಕಬ್ಬಿಣದ ಒಂದು ಮೆಟ್ಟಿಲು ಬೆಸೆಸಿಕೊಂಡ. ಕಿಸೆಯಿಂದ ಗಂಟು ಹಾಕಿದ ದಾರ ತೆಗೆದು ನೆಲದಿಂದ ಅಳೆದು, "ಇಷ್ಟ ಎತ್ತರ, ಬೆರಳಷ್ಟೂ ಹೆಚ್ಚು ಬ್ಯಾಡ" ಎಂದು ಎರಡು ಸಲ ಬಿಚ್ಚಿಸಿ ಹಾಕಿಸಿದ. ಮಿಸ್ತ್ರಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ನಡುವೆ ಒಮ್ಮೆ ನಿಂತೇಬಿಟ್ಟಿತು. ಹಿಂದಿನ ಟ್ರ್ಯಾಕ್ಟರಿನವನು ಇಳಿದು ಬಂದು, "ಅಜ್ಜಾರ, ಇದನ್ನೂ ಗಾಣಕ್ಕ ಹಾಕಾಕ ತಂದೀರೇನ್ರಿ?" ಎಂದು ಕೇಳಿದ. ದೊಡ್ಡಪ್ಪ ಮನೆಗೆ ಬಂದು ಗಾಡಿಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ. ಮನೆಮಂದಿಯೆಲ್ಲ ಸಂಜೆಯವರೆಗೆ ಕೆಮ್ಮಿದೆವು.

ಇದನ್ನೆಲ್ಲ ನೋಡಿ ಉರಿಯುತ್ತಿದ್ದವಳು ದೊಡ್ಡವ್ವ. ಗಾಡಿಯೊಳಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ಅಂಗಳದಲ್ಲಿ ಸೋರಿದ ಎಣ್ಣೆ ಒರೆಸುತ್ತ, "ಎತ್ತು ಸಗಣಿ ಹಾಕಿದ್ರ ಕುಳ್ಳು ತಟ್ಟಿ ಒಲಿಗಾದ್ರೂ ಬರ್ತಿತ್ತು. ಇದು ಯಾತಕ್ಕ ಬರ್ತೈತಿ?" ಎನ್ನುತ್ತಿದ್ದಳು. ಅವಳ ಮಂಡಿ ನೋವು ಎರಡು ವರ್ಷದಿಂದ ಮಿತಿಮೀರಿತ್ತು. ಅಷ್ಟೂ ದಿನ ಅವಳು ಹೊಲ ಕಂಡಿರಲಿಲ್ಲ. ನಮ್ಮ ಹೊಲದ ದಾರಿ ಒಂದು ಮೈಲು ಎರಿ, ಅಂದರೆ ಅಂಟಿಕೊಳ್ಳುವ ಕಪ್ಪು ಮಣ್ಣು. ಮಳೆಯಾದರೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಬರುತ್ತದೆ. ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಬೇಕು. ಹೊಟ್ಟೆಯಲ್ಲಿ ಬೆಳೆ ಹೊತ್ತ ಭೂಮಿತಾಯಿಗೆ ಬಯಕೆಯ ಊಟ ಅದು. ನಲವತ್ತು ವರ್ಷ ತಾನೇ ಚೆಲ್ಲಿದವಳು, ಈ ಎರಡು ವರ್ಷ ಬುತ್ತಿ ಕಟ್ಟಿಕೊಟ್ಟು ಹೊಸ್ತಿಲಲ್ಲಿ ನಿಂತಳು. "ಆಕಿಗೆ ಹೊಟ್ಟಿ ತುಂಬ ಉಣಸ್ರಿ. ನಾ ಯಾಕ ಬರ್ಲಿಲ್ಲ ಅಂತ ಹೇಳ್ರಿ" ಎನ್ನುತ್ತಿದ್ದಳು. ನಾವು ಹೂಂ ಅಂದು, ಅವಳ ಮಂಡಿಗೆ ನಿಲುಕದ ಬಾಡಿಗೆ ಟ್ರ್ಯಾಕ್ಟರ್ ಹತ್ತುತ್ತಿದ್ದೆವು.

ಎತ್ತುಗಳನ್ನು ಸಿಂಗರಿಸುವ ಕಾರಹುಣ್ಣಿಮೆಗೆ ಕೊಡ ತುಂಬಿತು. ದೊಡ್ಡಪ್ಪ ಎತ್ತಿಗೆ ಹಚ್ಚುವ ಹುರಮಂಜಿನ ಕೆಂಪನ್ನು ಗಾಡಿಗೆ ಬಳಿದು, ಎರಡೂ ಕನ್ನಡಿಗೆ ಗೊಂಡೆ ಕಟ್ಟಿ, ದೊಡ್ಡವ್ವ ಮಾಡಿದ ಮೊದಲ ಹೋಳಿಗೆಯನ್ನು ಬಾನೆಟ್ಟಿನ ಮೇಲಿಟ್ಟ!

"ದೀಪಾವಳಿ ಒಳಗ ಇದು ಹೋಗ್ಬೇಕು. ಈ ಮನ್ಯಾಗ ಇದಾರ ಇರಬೇಕು, ನಾನಾರ ಇರಬೇಕು!"

ಅದು ದೊಡ್ಡವ್ವನ ಆಜ್ಞೆ. ನಾನಂತೂ ಒಳಗೊಳಗೇ ಕುಣಿದೆ. ಸವದತ್ತಿಯಲ್ಲಿ ಒಬ್ಬ ಗಿರಾಕಿಯನ್ನೂ ಹುಡುಕಿದೆ. ಸೀಗಿ ಹುಣ್ಣಿಮೆ ಆದ ಮರುದಿನ ಬಂದು ನೋಡುತ್ತೇನೆಂದ.

ಈ ವರ್ಷ ಹುಣ್ಣಿಮೆ ಭಾನುವಾರ ಬಂತು. ಅದರ ಹಿಂದಿನ ಮೂರು ದಿನ ಬಿಡದೆ ಮಳೆ. "ಈ ರಾಡ್ಯಾಗ ನಾ ಒಲ್ಲೆರಿ" ಎಂದು ಟ್ರ್ಯಾಕ್ಟರಿನವನು ಕೈಚೆಲ್ಲಿದ. ದೊಡ್ಡವ್ವ ಬುತ್ತಿಯ ಬುಟ್ಟಿ ಹಿಡಿದು ಅಳುಮುಖ ಮಾಡಿಕೊಂಡಳು. "ಆಕಿ ಉಪಾಸ ಇರ್ತಾಳೇನ?" ಎಂದಳು.

ಅಷ್ಟರಲ್ಲಿ ಗಾಡಿ ಅಂಗಳಕ್ಕೆ ಬಂದು ನಿಂತಿತು.

"ಹತ್ತ" ಎಂದ ದೊಡ್ಡಪ್ಪ.

"ನನ್ ಮಂಡಿ..."

"ನಮ್ಮ ಅಡಗಿಮನಿ ಹೊಸ್ತಿಲ ದಾಟ್ತೀ ಇಲ್ಲೋ? ಅಷ್ಟ ಎತ್ತರ ಐತಿ. ಅಳತಿ ತಗೊಂಡು ಹಾಕ್ಸೇನಿ. ಹತ್ತ."

ದೊಡ್ಡವ್ವ ಆ ಕಬ್ಬಿಣದ ಮೆಟ್ಟಿಲನ್ನು ಒಮ್ಮೆ ನೋಡಿದಳು, ಗಂಡನನ್ನು ಒಮ್ಮೆ ನೋಡಿದಳು. ಕಾಲಿಟ್ಟಳು. ಹತ್ತಿದಳು. ದಾರದ ಗಂಟು ನನಗೆ ಆಗ ನೆನಪಾಯಿತು. ಒಂಬತ್ತು ತಿಂಗಳು ಹಲ್ಲು ಕಡಿದದ್ದಕ್ಕೆ ನನಗೇ ನಾಚಿಕೆಯಾಯಿತು.

ಎರಿ ದಾರಿಯ ಬಾಯಿಗೆ ಬಂದಾಗ ದೊಡ್ಡಪ್ಪ ಮೊದಲ ಬಾರಿಗೆ ಆ ಸಣ್ಣ ಕಡ್ಡಿ ಎಳೆದ. ಗಾಡಿ ಗುರುಗುಟ್ಟಿತು, ಅಡ್ಡ ಜಾರಿತು, ಬಾಗಿಲವರೆಗೆ ಕೆಸರು ಸಿಡಿಸಿತು. ನಿಲ್ಲಲಿಲ್ಲ. "ಹೋ... ಹೋ... ಹೌದ ನನ್ನ ಸರದಾರಾ!" ಎಂದು ದೊಡ್ಡಪ್ಪ ಹುರಿದುಂಬಿಸುತ್ತಿದ್ದ. ಒಂದು ಮೈಲು ದಾಟಿ ಹತ್ತಿಯ ಸಾಲಿನ ಹತ್ತಿರ ನಿಂತಾಗ, ಯಾರೂ ಹೇಳದೆ ನಾನೇ ಇಳಿದು ಗಾಲಿಗೆ ಕಲ್ಲು ಕೊಟ್ಟೆ.

ದೊಡ್ಡವ್ವ ಇಳಿದು ಬರಿಗಾಲಿನಲ್ಲಿ ಹಸಿ ಮಣ್ಣಿನ ಮೇಲೆ ನಿಂತಳು. ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ಬಂದೆ ನೋಡವ್ವಾ" ಎಂದಳು.

ಚರಗಕ್ಕೆ ಮೊದಲು ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಬೇಕು. ಎರಿ ಹೊಲದಲ್ಲಿ ಕಲ್ಲೆಲ್ಲಿ? ಬದು ಸುತ್ತಿದರೂ ನಾಲ್ಕೇ ಸಿಕ್ಕವು. ದೊಡ್ಡವ್ವ ನನ್ನನ್ನು ನೋಡಿದಳು. ನಾನು ದೊಡ್ಡಪ್ಪನನ್ನು ನೋಡಿದೆ.

"ಕಲ್ ಕೊಡೋ ತಮ್ಮಾ" ಎಂದ, ಮೆತ್ತಗೆ.

ಗಾಲಿಯ ಕಲ್ಲು ತೆಗೆದುಕೊಟ್ಟೆ. ದೊಡ್ಡವ್ವ ಕೆಸರು ತೊಳೆದು ಸುಣ್ಣ, ಕುಂಕುಮ ಹಚ್ಚಿದಳು. "ಇಂವ ಭೀಮ" ಎಂದು ನಕ್ಕಳು. ಆಮೇಲೆ ನನ್ನ ಹೆಗಲು ಹಿಡಿದುಕೊಂಡು, ಸಾಲಿನಿಂದ ಸಾಲಿಗೆ ಕುಂಟುತ್ತ ಇಡೀ ಹೊಲಕ್ಕೆ ತಾನೇ ಉಣಿಸಿದಳು. ಭೀಮ ಅಲ್ಲೇ ಉಳಿದ.

ಮರುದಿನ ಮುಂಜಾನೆ ಸವದತ್ತಿಯ ಗಿರಾಕಿಯ ಫೋನು. ನಾನು ತಡವರಿಸುತ್ತಿರುವಾಗಲೇ ದೊಡ್ಡವ್ವ ಒಳಗಿನಿಂದ ಬಂದು ಫೋನು ಕಸಿದುಕೊಂಡಳು.

"ಇವತ್ತ ಸೋಮವಾರರಿ. ನಾವು ಹೂಡಂಗಿಲ್ಲ."

"ಹಂಗಾರ ನಾಳೆ ಬರ್ಲೇನ್ರಿ?"

"ನಾಳೆ ನಾವು ಹೊಲಕ್ಕ ಹೊಂಟೇವಿ" ಎಂದು ಫೋನು ಇಟ್ಟಳು.

ದೊಡ್ಡಪ್ಪ ಗಾಡಿಯ ಕೆಸರು ತೊಳೆಯುತ್ತಿದ್ದವನು ತಲೆ ಎತ್ತಲಿಲ್ಲ. ನಾನು ಆಫೀಸಿಗೆ ರಜೆ ಹಾಕಿ, ಒಳ್ಳೆಯದೊಂದು ಕಲ್ಲು ಹುಡುಕಲು ಹೊರಟೆ.